ಮಲ್ಲಿಗೆ ಬುಡ

ಸಾವಂತ್ರಮ್ಮ ಎಸೆದ ಚೊಂಬು ಬೆಕ್ಕಿಗೆ ತಗುಲಲಿಲ್ಲ. ಬಚ್ಚಲ ಗೋಡೆಗೆ ಬಡಿದು ನೆಗ್ಗಿತು. ಬೆಕ್ಕು ಹಿತ್ತಲ ಗೋಡೆಯ ಮೇಲೆ ಕೂತು, ಅವಳನ್ನೇ ನೋಡುತ್ತ ಮೀಸೆ ನೆಕ್ಕಿಕೊಂಡು, ಅವಸರವಿಲ್ಲದೆ ಆಚೆ ಇಳಿಯಿತು. ಆಚೆ ಎಂದರೆ ಉಡಚಮ್ಮನ ಮನೆ.

ಮಲ್ಲಿಗೆಯ ಬುಡವನ್ನು ಬೆಕ್ಕುಗಳು ಮತ್ತೆ ಬಗೆದು ಹಾಕಿದ್ದವು. ಬೇರು ಹೊರಗೆ ಕಾಣುತ್ತಿತ್ತು.

"ರೀ, ಬರ್ರಿ ಇಲ್ಲಿ! ಆ ಉಡಚಮ್ಮ ಸಾಕಿರೋ ಶನಿಗಳು ಏನು ಮಾಡ್ಯಾವೆ ನೋಡ್ರಿ!"

ಹೊಲಿಗೆ ಅಂಗಡಿಗೆ ಹೊರಟಿದ್ದ ಮರುಳಪ್ಪ ರೇಡಿಯೊ ಆರಿಸಿ, ಕೈಚೀಲ ಕೆಳಗಿಟ್ಟು ಬಂದ. ಗಂಡನಿಗೆ ಸಿಟ್ಟೇ ಬರುವುದಿಲ್ಲವಲ್ಲ ಎಂಬುದು ಸಾವಂತ್ರಮ್ಮನ ಇನ್ನೊಂದು ಸಂಕಟ. ಅವನು ಕುಕ್ಕರುಗಾಲಲ್ಲಿ ಕೂತು ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದ.

"ನೀನು ಮುಟ್ಟಬ್ಯಾಡ. ಮೊದಲೇ ಸೊಂಟನೋವು. ಬುಡದ ಕೆಲಸ ನನಗಿರ್ಲಿ."

ಆ ಮಲ್ಲಿಗೆ ಅವಳಿಗೆ ಬರೀ ಗಿಡವಲ್ಲ. ಮದುವೆಯಾಗಿ ಬಿಳಿಚೋಡಿನಿಂದ ಹೊನ್ನಾಳಿಗೆ ಬಸ್ಸು ಹತ್ತಿದ ದಿನ ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಇಟ್ಟ ಕಡ್ಡಿ ಅದು. ಅವ್ವ ಈಗ ಇಲ್ಲ. ತವರಿನಿಂದ ಬಂದದ್ದರಲ್ಲಿ ಜೀವ ಇರುವುದು ಇದೊಂದಕ್ಕೇ.

ಕೆಲವು ವರ್ಷಗಳ ಹಿಂದೆ ಅದೂ ಕೈಬಿಟ್ಟು ಹೋಗುವುದರಲ್ಲಿತ್ತು. ಎಲೆ ಹಳದಿಯಾಯಿತು, ಮೊಗ್ಗು ನಿಂತಿತು. ಸಗಣಿ, ಬೂದಿ ಯಾವುದಕ್ಕೂ ಜಗ್ಗಲಿಲ್ಲ. ಯೂರಿಯಾದಂಥ ಸರ್ಕಾರಿ ಗೊಬ್ಬರ ಹಾಕೋಣವೇ ಎಂದು ಮರುಳಪ್ಪ ಕೇಳಿದ್ದಕ್ಕೆ ಅವಳು ಹರಿಹಾಯ್ದಿದ್ದಳು: "ಶಿವನಿಗೆ ಏರಿಸೋ ಹೂವು ಅದು. ಸಿಕ್ಕಿದ್ದೆಲ್ಲ ಸುರಿಯಾಕೆ ನಾನು ಬಿಡಲ್ಲ." ಗಿಡ ಒಣಗುವುದನ್ನು ನೋಡಲಾರದೆ ಅನ್ನ ಬಿಟ್ಟು ಮಲಗಿದಳು. ಆಗ ಮರುಳಪ್ಪ "ಬೇವಿನ ಹಿಂಡಿ ತಂದೀನಿ" ಎಂದು ಬುಡ ಅಗೆದ. ಮುಂದಿನ ಬೇಸಿಗೆಗೆ ಗಿಡ ಚಪ್ಪರ ಹಿಡಿಯಿತು. ಈಗ ಆ ಕೇರಿಯಲ್ಲಿ ಅಂಥ ಮಲ್ಲಿಗೆ ಇನ್ನೊಂದಿಲ್ಲ. ದಿನವೂ ಮೊದಲ ಬುಟ್ಟಿ ಈಶ್ವರನ ಗುಡಿಗೆ.

ಗಿಡ ಚಿಗುರಿತು, ಬೆಕ್ಕಿನ ಕಾಟ ಅಂಟಿಕೊಂಡಿತು.

ಉಡಚಮ್ಮ ಗಂಡ ಸತ್ತವಳು. ಹೊಳೆದಂಡೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಬೀದಿ ಬೀದಿ ಮಾರುವವಳು. ಮನೆ ತುಂಬ ಬೆಕ್ಕು. ಮೀನು ಮಾಂಸದ ಹೆಸರೂ ಎತ್ತದ ಸಾವಂತ್ರಮ್ಮ, ಆ ಬುಟ್ಟಿ ಎದುರು ಬಂದರೆ ಸೆರಗು ಮೂಗಿಗೆ ಹಿಡಿದು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು.

ಅವಳು ಮಾಡದ ಉಪಾಯವಿಲ್ಲ. ಜಾಲಿ ಮುಳ್ಳು ಕಟ್ಟಿದಳು. ಬೆಕ್ಕುಗಳು ಸಂದಿಯಲ್ಲಿ ನುಸುಳಿದವು. ಖಾರದ ಪುಡಿ ಚೆಲ್ಲಿದಳು. ಗಾಳಿ ಬೀಸಿ ಅವಳ ಕಣ್ಣಿಗೇ ಬಿತ್ತು. ಹೊಗೆಸೊಪ್ಪಿನ ನೀರು ಹೊಯ್ದರೆ ಮಳೆ ಬಂತು. ಪಕ್ಕದ ಬದನೆ ಪಾತಿ, ಕನಕಾಂಬರ ಯಾವುದನ್ನೂ ಮೂಸದೆ ಬೆಕ್ಕುಗಳು ನೇರವಾಗಿ ಮಲ್ಲಿಗೆಗೇ ಬರುತ್ತಿದ್ದವು. ಉಡಚಮ್ಮ ಬೇಕೆಂದೇ ಕಲಿಸಿ ಕಳಿಸುತ್ತಾಳೆ ಎಂದು ಸಾವಂತ್ರಮ್ಮ ತೀರ್ಮಾನಿಸಿದಳು. ಕೊನೆಗೆ ನ್ಯಾಮತಿಯಲ್ಲಿದ್ದ ತಮ್ಮನಿಂದ ನಾಯಿ ತರಿಸಿ ಗಿಡಕ್ಕೆ ಕಟ್ಟಿದಳು. ಬೆಕ್ಕು ಬರುವ ಮುಂಚೆ ನಾಯಿಯೇ ಬಾಲ ಅಲ್ಲಾಡಿಸುತ್ತ ಬುಡ ಕೆರೆಯಿತು. ಸಾವಂತ್ರಮ್ಮ ಕಟ್ಟೆಯ ಮೇಲೆ ಕೂತು ಅತ್ತೇ ಬಿಟ್ಟಳು.

ಒಂದು ದಿನ ಗೋಡೆಯ ಮೇಲಿಂದಲೇ ಜಗಳ ತೆಗೆದಳು. "ಕಟ್ಟಿ ಹಾಕೇ ನಿನ್ನ ಬೆಕ್ಕುಗಳನ್ನ!"

"ಬೆಕ್ಕಿಗೇನು ಗೊತ್ತಾಗ್ತೈತೆ ಅಕ್ಕಾರೆ? ಮೂಗು ಎತ್ತ ಎಳೀತೈತೋ ಅತ್ತ ಹೋಗ್ತಾವೆ."

"ಹಂಗಾದ್ರೆ ಅವುಗಳ ಮೂಗಿಗೆ ನಿನ್ನ ಬುಟ್ಟಿ ಹಿಡಿ!"

ಉಡಚಮ್ಮ ಬುಟ್ಟಿ ಹೊತ್ತು ಹೊರಟಳು. ಒಳಗಿನಿಂದ ಮರುಳಪ್ಪ, "ಪಾಪ, ಆಯಮ್ಮನ್ನ ಯಾಕೆ ಬೈತೀಯ, ಬಿಡು" ಎಂದ. ಅವತ್ತು ಅವನಿಗೆ ತಣ್ಣನೆ ಮುದ್ದೆಯೇ ಗತಿಯಾಯಿತು.

ಶ್ರಾವಣದ ಸೋಮವಾರ ಬೆಳಿಗ್ಗೆ ಹೂವು ಬಿಡಿಸಲು ಹೋದ ಸಾವಂತ್ರಮ್ಮ ಕಿರುಚಿಕೊಂಡಳು. ಬುಡದಲ್ಲಿ ಬೆಕ್ಕುಗಳು ಕಾದಾಡಿ ದೊಡ್ಡ ಕವಲೇ ಸೀಳಿಹೋಗಿತ್ತು. ಬಿರಿಯದ ಮೊಗ್ಗುಗಳು ಮಣ್ಣಿನಲ್ಲಿ ಬಿದ್ದಿದ್ದವು. ಅವ್ವನನ್ನೇ ಯಾರೋ ಕೆಡವಿದಂತಾಯಿತು.

ಅವಳು ನೇರ ತಿಪ್ಪೇಶಪ್ಪನ ಮನೆಗೆ ನಡೆದಳು. ಉಡಚಮ್ಮ ಬಾಡಿಗೆಗಿದ್ದ ಮನೆ ಅವನದು; ಸಾವಂತ್ರಮ್ಮನಿಗೆ ದೊಡ್ಡಪ್ಪನ ಮಗ. ತಂಗಿಯ ಕಣ್ಣೀರು ನೋಡಿ ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದೇ ಬಿಟ್ಟ. ಗಲಾಟೆಗೆ ಕೇರಿ ಸೇರಿತು. ಮರುಳಪ್ಪನೂ ಬಂದು ಹಿಂದೆ ನಿಂತ.

"ಮನೆ ಖಾಲಿ ಮಾಡವ್ವ," ಎಂದ ತಿಪ್ಪೇಶಪ್ಪ. "ಇವತ್ತೇ. ನಮ್ಮ ತಂಗಿ ಅಳೋದು ನೋಡಾಕೆ ನನ್ನ ಕೈಲಾಗಲ್ಲ."

ಉಡಚಮ್ಮನ ಮುಖ ಬಿಳಿಚಿತು. "ಇದ್ದಕ್ಕಿದ್ದಂಗೆ ಎಲ್ಲಿಗೆ ಹೋಗ್ಲಿ ಸ್ವಾಮಿ?"

"ಬೆಕ್ಕು ಸಾಕೋವಾಗ ಯೋಚನೆ ಮಾಡಬೇಕಿತ್ತು," ಎಂದಳು ಸಾವಂತ್ರಮ್ಮ. ಗೆದ್ದೆನೆಂದು ಅನ್ನಿಸಿದರೂ ಎದೆಯ ಉರಿ ಇಳಿದಿರಲಿಲ್ಲ. ಬೆಂಬಲಕ್ಕೆಂದು ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಬಾಯಿ ತೆರೆದ, ಕೇರಿಯವರನ್ನು ನೋಡಿದ, ಮತ್ತೆ ಮುಚ್ಚಿದ.

ಉಡಚಮ್ಮನೂ ಅವನನ್ನೇ ನೋಡುತ್ತಿದ್ದಳು. ಅವನು ಏನಾದರೂ ಹೇಳಿಯಾನೆಂದು ಕಾದಳು. ಕಾದು ಸಾಕಾಗಿ, ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿಕೊಂಡು ಬಂದಳು. ಬೆಕ್ಕುಗಳು ಕಾಲಿಗೆ ಸುತ್ತಿಕೊಂಡವು. ಅವಳು ಗಂಟು ಹೊತ್ತು ಮರುಳಪ್ಪನ ಮುಂದೆ ಬಂದು ನಿಂತಳು.

"ಅಣ್ಣಾರೆ, ನಾಳೆಯಿಂದ ನಾನಿರಲ್ಲ. ಮಲ್ಲಿಗೆ ಬುಡಕ್ಕೆ ಹೂಳಾಕೆ ಮೀನಿನ ತಲೆ ಬೇರೆ ಯಾರಿಗಾದ್ರೂ ಹೇಳಿಟ್ಕೊಳ್ರಿ."