ಶೇವಂತಾಳ ಗೈರುಹಾಜರಿ

"ನನ್ನ ಮಗಳ ಹೆಸರ ಕೆಂಪ ಮಾಡ್ರಿ ಟೀಚರ್," ಅಂದಳು ಅನುಸೂಯಾಬಾಯಿ.

ಔರಾದಿನ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಮಹಮೂದಾ ಬೇಗಂಗೆ ನಗು ಬಂತು. ಬೆಳಗಿನಿಂದ ಫೋನ್ ಮಾಡಿದ ತಂದೆ ತಾಯಿಗಳೆಲ್ಲ ಕೆಂಪು ಹೆಸರನ್ನು ಹಸಿರು ಮಾಡಿ ಎಂದು ಜೀವ ತಿಂದಿದ್ದರು. ಹತ್ತನೆಯ ಪರೀಕ್ಷೆಗೆ ಕೂಡಬೇಕೆಂದರೆ ಹಾಜರಿ ನೂರಕ್ಕೆ ಎಪ್ಪತ್ತೈದು ಇರಬೇಕು. ಇದ್ದವರ ಹೆಸರು ಪರದೆಯ ಮೇಲೆ ಹಸಿರು, ಇಲ್ಲದವರದು ಕೆಂಪು. ತಪ್ಪು ತಿದ್ದಲು ಇವತ್ತು ಸಂಜೆಯೇ ಕೊನೆ. ಆಮೇಲೆ ಯಾರು ಕಾಲಿಗೆ ಬಿದ್ದರೂ ತಂತ್ರಾಂಶ ಬಾಗಿಲು ತೆರೆಯುವುದಿಲ್ಲ. ಮಳೆ ಕೈಕೊಟ್ಟ ಆ ವರ್ಷ ಅರ್ಧ ತಾಲೂಕು ಕಬ್ಬು ಕಡಿಯಲು ಸಾಂಗ್ಲಿ ಕಡೆ ಹೋಗಿತ್ತು. ದೀಪಾವಳಿಗೆಂದು ಮನೆಗೆ ಹೋದ ಎಷ್ಟೋ ಹುಡುಗಿಯರು ಅಪ್ಪ ಅಮ್ಮನ ಜೊತೆಗೇ ಲಾರಿ ಹತ್ತಿದ್ದರು. ಅಂಥದರಲ್ಲಿ ಒಂದು ದಿನವೂ ತಪ್ಪಿಸದವಳು ಈ ಬಾಯಿಯ ಮಗಳು ಶೇವಂತಾ. ಸಾಹೇಬರು ಬಂದಾಗ ಮಹಮೂದಾ ಎದೆಯುಬ್ಬಿಸಿ ತೋರಿಸುತ್ತಿದ್ದುದೇ ಆ ಹೆಸರನ್ನು.

"ಅರೆ, ಹಸಿರ ಇದ್ದರ ಪರೀಕ್ಷಾ ಬರೀತಾಳ. ಕೆಂಪ ಆದರ ಇನ್ನೊಂದ ವರ್ಷ ಇಲ್ಲೇ, ಇದೇ ಕ್ಲಾಸಿನಾಗ ಕೂಡಬೇಕಾಗ್ತದ. ಗೊತ್ತದನೂ ನಿಮಗ?"

"ಅದಕ್ಕೇ ಬಂದೀನ್ರಿ."

ಅನುಸೂಯಾಬಾಯಿ ಹೇಳುತ್ತ ಹೋದಳು. ಗಂಡನ ಜೊತೆ ಕಬ್ಬು ಕಡಿಯುತ್ತಿದ್ದ ಸಾಂಗ್ಲಿ ಕಡೆಯಿಂದ ರಾತ್ರಿಯೆಲ್ಲ ರೈಲಿನಲ್ಲಿ ನಿಂತು ಬಂದು, ಕಮಲನಗರದಲ್ಲಿ ಇಳಿದು, ಟೆಂಪೊ ಹಿಡಿದು ಬಂದಿದ್ದಳು. ಕಬ್ಬಿನ ಹೊಲದಲ್ಲಿ ಕೆಲಸ ಸಿಗುವುದು ಗಂಡ ಹೆಂಡತಿ ಜೋಡಿಗೆ. ಒಂಟಿಯಾಗಿ ಬಂದವನನ್ನು ಯಾರೂ ಕೇಳುವುದಿಲ್ಲ. ಆಳುಗಳನ್ನು ಕರೆದೊಯ್ಯುವ ಮುಕಾದಮನ ಅಣ್ಣನ ಮಗ ಇನ್ನೂ ಒಂಟಿ.

"ಮುಂದಿನ ದಸರಾಕ್ಕ ಇಬ್ಬರಿಗೂ ಜೋಡಿ ಮಾಡ್ತೀನಿ ಅಂತ ನಮ್ಮವರು ಮುಕಾದಮಗ ಹ್ಞೂಂ ಅಂದುಬಿಟ್ಟಾರ್ರಿ. ಸಾಲಿ ಮುಗಿಯೋತನಕ ಮದುವಿ ಮಾಡಂಗಿಲ್ಲ ಅಂತ ನನಗೂ ಬುದ್ಧನ ಫೋಟೋದ ಮುಂದ ಮಾತ ಕೊಟ್ಟಾರ. ಮಾತಿಗಿ ತಪ್ಪೋ ಮನುಷ್ಯಾ ಅಲ್ರಿ. ಈ ವರ್ಷ ಪಾಸಾದರ ಸಾಲಿ ಮುಗೀತದ, ಎರಡೂ ಮಾತ ನಡಸ್ತಾರ."

"ಆಕಿಗಿ ಇನ್ನಾ ಹದಿನಾರೂ ತುಂಬಿಲ್ಲ. ಗುನ್ಹಾ ಆಗ್ತದ ಅದು. ನಾ ಫೋನ್ ಮಾಡ್ತೇನಿ, ಆಫೀಸರ್ ಬರ್ತಾರ."

"ನಮ್ಮ ಓಣಿ ಕೌಸಲ್ಯಾಬಾಯಿ ಮಗಳಿಗೂ ಬಂದಿದ್ರು. ಮುಚ್ಚಳಿಕಿ ಬರಸಿಕೊಂಡು ಚಹಾ ಕುಡದು ಹೋದ್ರು. ವಾರದಾಗ ಗಡಿ ದಾಟಿ ಹೋಗಿ ಅಕ್ಕಿಕಾಳು ಹಾಕಿಸಿ ಮದುವಿ ಮುಗಿಸಿದ್ರು."

"ಹಂಗಾದರ ಪರೀಕ್ಷಾದಾಗ ಫೇಲ್ ಆಗಲಿ ಬಿಡ್ರಿ," ಅಂದಳು ಮಹಮೂದಾ. ತನ್ನ ಬಾಯಿಂದ ಈ ಮಾತು ಬಂತಲ್ಲ ಎಂದು ಅವಳಿಗೇ ಅಸಹ್ಯವಾಯಿತು.

"ಫೇಲ್ ಆದವರು ಮನ್ಯಾಗ ಕೂತು ಮತ್ತ ಬರೀತಾರ್ರಿ, ಹಾಸ್ಟೆಲ್ ಇರಂಗಿಲ್ಲ. ಹಾಜರಿ ಕಡಿಮಿ ಆದವರಿಗಷ್ಟ ಒಳಗ ಇಟ್ಕೋತೀರಿ. ಒಂದ ವರ್ಷ ಸಿಕ್ಕರ ಸಾಕ್ರಿ. ಆ ಹುಡಗಗ ದಸರಾಕ್ಕ ಜೋಡಿ ಬೇಕೇ ಬೇಕು, ಕಾಯಂಗಿಲ್ಲ ಅಂವ. ಬ್ಯಾರೆ ನೋಡ್ಕೋತಾನ."

ಮಹಮೂದಾಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೂ ತಿಳಿಯಲಿಲ್ಲ. ಓದುವ ಹುಡುಗಿಗೆ ಪಾಸಾಗುವುದೇ ಶಿಕ್ಷೆಯಾಯಿತಲ್ಲ. ಬಂದವಳನ್ನು ಬಂದಿಲ್ಲ ಎಂದು ಬರೆದದ್ದು ಹೊರಗೆ ಬಿದ್ದರೆ ನೌಕರಿಗೇ ಸಂಚಕಾರ, ಅದೂ ಒಂದು. ಹುಡುಗಿಯನ್ನು ಕೇಳದೆ ಮಾತ್ರ ಮುಟ್ಟುವುದಿಲ್ಲ ಎಂದು ಹೇಳಿ, ತರಗತಿಯಿಂದ ಶೇವಂತಾಳನ್ನು ಕರೆಸಿದಳು.

ಬಾಗಿಲಲ್ಲಿ ಅವ್ವನನ್ನು ಕಂಡವಳೇ ಹುಡುಗಿ ಓಡಿ ಬಂದು ತಬ್ಬಿಕೊಂಡಳು. ಇಬ್ಬರ ಮುಖವನ್ನೂ ನೋಡಿದ ಮೇಲೆ ಕೈ ಸಡಿಲಾಯಿತು. ಅನುಸೂಯಾಬಾಯಿ ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕಾಯಿತು, ಈ ಸಲ ಗೋಡೆ ನೋಡಿಕೊಂಡು.

"ನಾ ಒಂದಿನಾನೂ ತಪ್ಪಿಸಿಲ್ಲವ್ವ," ಅಂದಳು ಶೇವಂತಾ. "ಜ್ವರಾ ಬಂದಾಗ ಸುದ್ದಾ ಹೋಗಿ ಕೂತೀನಿ."

"ಗೊತ್ತದ ನನ್ನವ್ವ."

ಹುಡುಗಿ ಪರದೆಯ ಮೇಲಿದ್ದ ತನ್ನ ಹಸಿರು ಹೆಸರನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡಿದ್ದಳು ಮಹಮೂದಾ. ಅಳಲಿಲ್ಲ.

"ಬರೀರಿ ಟೀಚರ್. ನಾ ಬಂದಿಲ್ಲಂತ ಬರೀರಿ."

ಹೆಸರು ಕೆಂಪಾಗಬೇಕಾದರೆ ವರ್ಷದ ಕಾಲು ಭಾಗಕ್ಕಿಂತ ಹೆಚ್ಚು ದಿನ ಅಳಿಸಬೇಕಿತ್ತು. ಮಹಮೂದಾ ಶಾಲೆ ಶುರುವಾದ ದಿನದಿಂದಲೇ ಹಿಡಿದಳು. ಹಾಜರು ಎಂದಿದ್ದಲ್ಲಿ ಒತ್ತಿದರೆ ಗೈರು ಎಂದಾಗುತ್ತಿತ್ತು, ಅಷ್ಟು ಸಲೀಸು. ಜೂನ್ ಹೋಯಿತು, ಜುಲೈ ಹೋಯಿತು. ತಾಯಿ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಳು. ಮಗಳು ಮಾತ್ರ ಟೀಚರ ಬೆನ್ನ ಹಿಂದೆ ನಿಂತು, ತಾನು ಶಾಲೆಗೆ ಬಂದ ದಿನಗಳು ಒಂದೊಂದಾಗಿ ಹೋಗುವುದನ್ನು ನೋಡುತ್ತಿದ್ದಳು. ಆಗಸ್ಟಿನ ಒಂದು ಮಂಗಳವಾರಕ್ಕೆ ಬಂದಾಗ ಅವಳು ಬಗ್ಗಿ ಟೀಚರ ಕೈ ಹಿಡಿದಳು.

"ಇದೊಂದ ಬಿಡ್ರಿ ಟೀಚರ್."

"ಯಾಕವ್ವ?" ಆ ಮಂಗಳವಾರ ಏನಿತ್ತೆಂದು ಮಹಮೂದಾಗೆ ನೆನಪಾಗಲಿಲ್ಲ.

"ಅವತ್ತ ನನಗ ಬೋರ್ಡಿಗಿ ಕರದು ಲೆಕ್ಕಾ ಬಿಡಸು ಅಂದ್ರಿ. ಬಿಡಸಿದ ಮ್ಯಾಲ, ನಾಳಿ ನನ್ನ ಕುರ್ಚಿ ನಿನಗೇ ಅಂತ ಎಲ್ಲರ ಮುಂದ ಅಂದ್ರಿ. ಅವತ್ತ ಒಂದಿನ ನಾ ಬಂದಿದ್ದೆ ಅಂತ ಇರಲ್ರಿ."