ಹೊಸಿಲಾಚೆಯ ಊರುಗೋಲು

ಹೊಸಿಲು ದಾಟಲು ಎತ್ತಿದ್ದ ಎಡಗಾಲನ್ನು ಉಲ್ರಿಕ್ ತಟ್ಟನೆ ಹಿಂದಕ್ಕೆಳೆದುಕೊಂಡ. "ಬಲಗಾಲಿಟ್ಟು ಬಾರಪ್ಪ, ಹೊಸ ಮನೆ" ಎಂದು ಶಿವಲಿಂಗಮ್ಮ ತಮ್ಮ ಕಾಲನ್ನೇ ಎತ್ತಿ ತೋರಿಸಿದ್ದರು. "ಬೀದಿ ತುಳಿದಿರೋ ಕೋಲು ಚಪ್ಪಲಿ ಹತ್ರಾನೇ ಇರ್ಲಿ" ಎಂದು ಅವನ ಊರುಗೋಲನ್ನೂ ಕೈಯಿಂದ ತೆಗೆದುಕೊಂಡು ಹೊರಗಿನ ಗೋಡೆಗೆ ಒರಗಿಸಿಬಿಟ್ಟರು.

ಗೃಹಪ್ರವೇಶಕ್ಕೆ ಅವನನ್ನು ಕರೆತಂದಿದ್ದ ಅವರ ಸೊಸೆ ನಮಿತಾ ಗಾಬರಿಯಾದಳು. ಉಲ್ರಿಕ್ ಸ್ವೀಡನ್ನಿನ ಐಸ್ ಹಾಕಿ ಆಟಗಾರ. ಆಟದಲ್ಲಿ ಹರಿದ ಎಡಮಂಡಿಗೆ ತನ್ನ ಊರಿನಲ್ಲೇ ಆಪರೇಷನ್ ಮಾಡಿಸಿಕೊಂಡು, ಚೇತರಿಸಿಕೊಳ್ಳಲು ಚೆನ್ನೈಗೆ, ಶೋಳಿಂಗನಲ್ಲೂರಿನ ಅಕ್ಕನ ಮನೆಗೆ ಬಂದಿದ್ದ. ಅಲ್ಲಿನ ಗಿಂಡಿ ಬಡಾವಣೆಯ ಆಸ್ಪತ್ರೆಯಲ್ಲಿ ಅವನಿಗೆ ಫಿಸಿಯೋಥೆರಪಿ ಮಾಡುತ್ತಿದ್ದವಳು ನಮಿತಾ. ಅವಳು ಎಷ್ಟು ಧೈರ್ಯ ಹೇಳಿದರೂ ಅವನು ಆ ಕಾಲೊಂದರ ಮೇಲೆ ಒಮ್ಮೆಯೂ ನಿಂತವನಲ್ಲ. ಈಗ ಬಲಗಾಲೆತ್ತಿದರೆ ಇಡೀ ಮೈಭಾರ ಆ ಎಡಗಾಲಿನ ಮೇಲೇ. ಬಿದ್ದರೆ ಅವನ ಆಟ ಅಲ್ಲಿಗೆ ಮುಗಿದಂತೆ. ಅತ್ತೆಯೆದುರು ಬೇಡ ಎನ್ನಲಾಗದೆ, ಹಿಡಿದುಕೊಳ್ಳಲು ಎರಡೂ ಕೈ ಒಡ್ಡಿ ಅವನ ಬೆನ್ನ ಹಿಂದೆ ನಿಂತಳು.

ಬಲಗಾಲು ನೆಲ ಬಿಟ್ಟಿತು. ಎಡಮಂಡಿ ಗಡಗಡ ನಡುಗಿತು. ನಡುಗುತ್ತಲೇ ನಿಂತಿತು. ಬಲಗಾಲು ಅರಿಶಿನ ಹಚ್ಚಿದ ಹೊಸಿಲು ದಾಟಿ ಒಳಗಿನ ನೆಲ ಮುಟ್ಟಿತು. "ನೋಡ್ದ್ಯಾ, ಎಷ್ಟು ಚೆಂದ ಬಂದೆ" ಎನ್ನುತ್ತ ಶಿವಲಿಂಗಮ್ಮ ಪಾಯಸ ತರಲು ಹೋದರು.

"ಮಂಡಿ ತಡೆದುಕೊಂಡಿತು, ಉಲ್ರಿಕ್" ಎಂದು ನಮಿತಾ ಇಂಗ್ಲಿಷಿನಲ್ಲಿ ಹೇಳಿದಳು. "ನೀವು ಮತ್ತೆ ಆಟಕ್ಕಿಳಿಯುವ ದಿನ ದೂರವಿಲ್ಲ."

ಅವನ ಮುಖ ಬಿಳುಚಿಕೊಂಡಿತು. "ನನ್ನ ಹಾಕಿ ಕ್ಲಬ್ಬಿನವರು ನಿಮಗೆ ಫೋನ್ ಮಾಡಿದರೆ ಇದನ್ನು ಹೇಳಬೇಡಿ, ಮತ್ತೆ ಆಟಕ್ಕೆ ಕರೆಸಿಬಿಡುತ್ತಾರೆ" ಎಂದು ಪಿಸುಗುಟ್ಟಿ, ಹೊಸಿಲಾಚೆಗೆ ಬಾಗಿ ಊರುಗೋಲಿಗೆ ಕೈ ಚಾಚಿದ.