ಬೆಚ್ಚಗಿದೆ

ಮಗುವಿನ ಎಡಗಾಲು ಮುಟ್ಟಿದ ತಾಯಿ ಫಸೀಲಾ ಕೈ ಹಿಂತೆಗೆದಳು. ಅಂಗೈಗಳನ್ನು ಗಸಗಸ ತಿಕ್ಕಿಕೊಂಡು ಮತ್ತೊಮ್ಮೆ ಮುಟ್ಟಿದಳು. "ತಣ್ಣಗೆ ಉಂಟಲ್ಲ ಸಿಸ್ಟರ್? ಅಲ್ಲ, ನನ್ನ ಕೈಯೇ ತಣ್ಣಗಿರಬೇಕು. ನೀವು ಬೆಚ್ಚಗಿದೆ ಅಂತ ಬರೆದಿದ್ದೀರಲ್ಲ."

ನರ್ಸ್ ಪ್ರೇಮಾವತಿ ಬಗ್ಗಿ ನೋಡಿದಳು. ಪುಟ್ಟ ಪಾದ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಾಣಿಯೂರಿನಿಂದ ಪುತ್ತೂರಿನ ಆಸ್ಪತ್ರೆಗೆ ತಂದ ಐದು ದಿನದ ಕೂಸು ಅದು. ಹೊಕ್ಕುಳಿನ ರಕ್ತನಾಳಕ್ಕೆ ಕ್ಯಾಥೆಟರ್ ಎಂಬ ಸಣ್ಣ ನಳಿಗೆ ಹಾಕಿದ್ದರು. ಅದರಿಂದ ರಕ್ತ ಹೆಪ್ಪುಗಟ್ಟಿ ಕಾಲು ತಣ್ಣಗಾಗುವ ಭಯವಿದೆಯೆಂದೇ ಗಂಟೆಗೊಮ್ಮೆ ಪಾದ ಮುಟ್ಟಿ ನೋಡಿ ಚಾರ್ಟಿನಲ್ಲಿ ಬರೆಯಬೇಕಿತ್ತು. ಹತ್ತು ಮಕ್ಕಳ ವಾರ್ಡು. ಪ್ರೇಮಾವತಿ ಬೆಳಿಗ್ಗೆ ಎಂಟಕ್ಕೇ, ಒಂದು ಪಾದವನ್ನೂ ಮುಟ್ಟದೆ, ಹನ್ನೊಂದರವರೆಗೆ 'ಬೆಚ್ಚಗಿದೆ' ಎಂದು ತುಂಬಿಸಿಟ್ಟಿದ್ದಳು.

ಅವಳ ಕೂಗಿಗೆ ಓಡಿಬಂದ ಡಾಕ್ಟರ್ ನಳಿಗೆ ತೆಗೆದರು. "ಹೆಪ್ಪು ಕರಗಿಸುವ ಮದ್ದು ಕೊಡುವ ಮೊದಲು ಹೊತ್ತು ಗೊತ್ತಾಗಬೇಕು. ಕಾಲು ಕೊನೆಗೆ ಬೆಚ್ಚಗಿದ್ದದ್ದು ಎಷ್ಟು ಗಂಟೆಗೆ?"

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು.

"ಹನ್ನೊಂದಕ್ಕೆ ಡಾಕ್ಟ್ರೇ," ಫಸೀಲಾಳೇ ಚಾರ್ಟು ನೋಡಿ ಹೇಳಿದಳು. "ಸಿಸ್ಟರ್ ಸರಿಯಾಗಿ ಬರೆದಿಟ್ಟಿದ್ದಾರೆ."

ಪ್ರೇಮಾವತಿಗೆ ತಲೆ ಎತ್ತಲಾಗಲಿಲ್ಲ.

"ಹನ್ನೊಂದಕ್ಕೆ ನಾನು ನೋಡಲಿಲ್ಲ ಡಾಕ್ಟ್ರೇ. ಬೆಳಿಗ್ಗೆಯಿಂದ ಈ ಕಾಲನ್ನು ಮುಟ್ಟಿದ್ದು ಇವರೊಬ್ಬರೇ."